ಗೋಡೆಗೆ ಕೂಡಿಸುವ ಮಳೆನೀರು ಫಿಲ್ಟರು ಕಲಬುರಗಿಯ ಮನೆಗಳಿಗೆ ಎಷ್ಟು ಹೊಂದುತ್ತದೆ?

ಮಾಳಿಗಿಯಿಂದ ಇಳಿಯುವ ಪೈಪಿನ ನಡುವೆ ಕೂಡಿಸುವ, ಒಳಗೆ ಸ್ಟೀಲ್ ಜಾಲರಿ ಇರುವ ಫಿಲ್ಟರು ಇದು. ಹಲವು ಹೆಸರುಗಳಲ್ಲಿ ಸಿಗುತ್ತದೆ, ಒಳಗಿನ ರಚನೆ ಮಾತ್ರ ಹೆಚ್ಚುಕಡಿಮೆ ಒಂದೇ. ಹಾಗಾಗಿ ಈ ವಿಮರ್ಶೆ ಯಾವುದೋ ಒಂದು ಕಂಪನಿಯದ್ದಲ್ಲ, ಈ ಬಗೆಯ ಫಿಲ್ಟರಿನದು. ಕೊಳ್ಳಬಹುದೇ ಎಂದರೆ, ಕೊಳ್ಳಬಹುದು. ಆದರೆ ಮಳೆನೀರು ಹಿಡಿದಿಡಲು ಬೇರೆಯೇ ಸಂಪು ಇಲ್ಲದವರು ಮೊದಲು ಸಂಪು ಕಟ್ಟಿಸಲಿ, ಫಿಲ್ಟರು ಆಮೇಲೆ.

ಕೆಲಸ ಮಾಡುವ ಬಗೆ ಸರಳ. ಪೈಪಿನ ಒಳಗೋಡೆ ಹಿಡಿದು ಇಳಿಯುವ ನೀರು ಜಾಲರಿಯಲ್ಲಿ ನುಸುಳಿ ಹೊರಕೋಶಕ್ಕೆ ಹೋಗಿ, ಅಲ್ಲಿಂದ ಸಂಪಿನ ದಾರಿ ಹಿಡಿಯುತ್ತದೆ. ಎಲೆ, ಕಡ್ಡಿ, ಹಕ್ಕಿಪುಕ್ಕ ನೇರ ಕೆಳಗೆ ಬಿದ್ದು ಮೋರಿಗೆ ಹೋಗುತ್ತವೆ. ಕರೆಂಟು ಬೇಡ, ಮರಳು ತೊಳೆಯುವ ರಗಳೆಯಿಲ್ಲ. ಕಸದ ಜೊತೆ ಒಂದಷ್ಟು ನೀರೂ ಮೋರಿಗೆ ಹೋಗುತ್ತದೆ. ಅದು ರಚನೆಯ ಗುಣ, ದೋಷವಲ್ಲ. ಮಳೆ ರಭಸವಾದಾಗ ಮಾತ್ರ ನೀರು ಗೋಡೆ ಬಿಟ್ಟು ನಡುವಿನಿಂದ ಧುಮುಕುವುದರಿಂದ ನಷ್ಟ ಹೆಚ್ಚುತ್ತದೆ. ಅಳತೆ ಸರಿಯಾಗಿ ಆರಿಸಬೇಕಾದದ್ದು ಇದಕ್ಕಾಗಿಯೇ.

30×40 ನಿವೇಶನದಲ್ಲಿ 1000 ಚದರ ಅಡಿಯ ಮಾಳಿಗಿ ಇದೆ ಎನ್ನೋಣ. ಅಂದರೆ 93 ಚದರ ಮೀಟರ್. ಗಂಟೆಗೆ 60 ಮಿ.ಮೀ. ಲೆಕ್ಕದಲ್ಲಿ ಮಳೆ ಸುರಿದರೆ ನಿಮಿಷಕ್ಕೆ 93 ಲೀಟರ್ ನೀರು ಇಳಿಯುತ್ತದೆ. ಡಬ್ಬಿಯ ಮೇಲೆ ಇಷ್ಟು ಚದರ ಮೀಟರಿಗೆ ಸಾಕು ಎಂದು ಬರೆದಿರುತ್ತಾರೆ. ಅದು ಗಂಟೆಗೆ ಎಷ್ಟು ಮಿ.ಮೀ. ಮಳೆಗೆ ಹಾಕಿದ ಲೆಕ್ಕ ಎಂದು ಅಂಗಡಿಯಲ್ಲಿ ಕೇಳಿ. ಉತ್ತರ ಬಾರದಿದ್ದರೆ ಒಂದು ಅಳತೆ ದೊಡ್ಡದನ್ನೇ ತೆಗೆದುಕೊಳ್ಳಿ. ಇಷ್ಟು ಮಾಳಿಗಿಗೆ 4 ಇಂಚಿನ ಇಳಿಪೈಪು ಒಂದೇ ಇದ್ದರೆ ಜೋರು ಮಳೆಯಲ್ಲಿ ಮೇಲೆ ನೀರು ನಿಲ್ಲುತ್ತದೆ. ಎರಡು ಪೈಪು ಹಾಕಿಸಿ, ಒಂದೊಂದಕ್ಕೂ ಒಂದು ಫಿಲ್ಟರು ಕೂಡಿಸುವುದು ಒಳ್ಳೆಯದು.

ಈ ಕಿಟ್‌ಗಳ ದೊಡ್ಡ ಕೊರತೆ ಮೊದಲ ಮಳೆಯ ಕೊಳೆನೀರನ್ನು ಬೇರ್ಪಡಿಸುವ ಭಾಗ. ಸಾಮಾನ್ಯವಾಗಿ ಕೊಡುವುದು 1 ಮೀಟರಿನಷ್ಟು ಉದ್ದದ 4 ಇಂಚಿನ ಪೈಪಿನ ತುಂಡು. ಅದರಲ್ಲಿ ಹಿಡಿಯುವುದು ಎಂಟೂವರೆ ಲೀಟರ್. ಮಾಳಿಗಿಯ ಧೂಳು ತೊಳೆದುಹೋಗಲು ಕನಿಷ್ಠ 1 ಮಿ.ಮೀ. ಮಳೆ ಬೇಕು, ಅಂದರೆ ನಮ್ಮ 93 ಚದರ ಮೀಟರಿಗೆ 93 ಲೀಟರ್. ಹತ್ತರಲ್ಲಿ ಒಂದು ಪಾಲೂ ಆ ತುಂಡಿನಲ್ಲಿ ಕೂಡುವುದಿಲ್ಲ. ಅದರ ಬದಲು 100 ಲೀಟರಿನ ಡ್ರಮ್ ಜೋಡಿಸಿ, ತಳದಲ್ಲಿ ಸಣ್ಣ ನಳ ಹಾಕಿ. ಎರಡು ಮಳೆಗಳ ನಡುವೆ ಅದು ತಾನೇ ಸೋರಿ ಖಾಲಿಯಾಗುವಂತೆ ನಳವನ್ನು ಹನಿಹನಿಯಾಗಿ ಬಿಟ್ಟಿರಿ. ಡ್ರಮ್ಮಿಗೆ ಜಾಗವಿಲ್ಲದಿದ್ದರೆ ಇಳಿಪೈಪಿನಲ್ಲೇ ಒಂದು ವಾಲ್ವ್ ಇರಲಿ. ಜೂನಿನ ಮೊದಲ ಎರಡು ಮೂರು ಮಳೆಯನ್ನು ಪೂರ್ತಿ ಹೊರಗೆ ಬಿಟ್ಟು, ಆಮೇಲೆ ಪ್ರತಿ ಮಳೆಯಲ್ಲೂ ಮೊದಲ ಹತ್ತು ನಿಮಿಷದ ನೀರು ಬಿಡಬೇಕು.

ಈಗ ಸಂಪಿನ ಮಾತು. ನಿಜವಾದ ಹಣ ಹೋಗುವುದೂ ಫಲ ಸಿಗುವುದೂ ಇಲ್ಲೇ. ಕಲಬುರಗಿಯ ವರ್ಷದ ಮಳೆಯನ್ನು ಸರಾಸರಿ 750 ಮಿ.ಮೀ. ಎಂದು ಹಿಡಿದು, ಅದರಲ್ಲಿ ನೂರಕ್ಕೆ 85 ಪಾಲು ಕೈಗೆ ಸಿಕ್ಕರೆ, ಈ ಮಾಳಿಗಿಯಿಂದ ಸುಮಾರು 59,000 ಲೀಟರ್ ಆಗುತ್ತದೆ. ಅದನ್ನೆಲ್ಲ ಹಿಡಿಯಲು ಹೋಗಬೇಡಿ. ಐದು ಜನರ ಮನೆಯಲ್ಲಿ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಎಂದರೆ 10,000 ಲೀಟರ್ 250 ದಿನ ಬರುತ್ತದೆ: ಮಳೆ ಮುಗಿದ ಅಕ್ಟೋಬರಿನಿಂದ ಮುಂದಿನ ಜೂನಿನವರೆಗೆ. ಎರಡೂವರೆ ಮೀಟರ್ ಉದ್ದ, 2 ಮೀಟರ್ ಅಗಲ, 2 ಮೀಟರ್ ನೀರಿನ ಆಳ ಇದ್ದರೆ ಅಷ್ಟು ಕೂಡುತ್ತದೆ. 50 ಮಿ.ಮೀ. ಮಳೆಗೆ 4,000 ಲೀಟರಿನಷ್ಟು ಬರುವುದರಿಂದ ಇಂಥ ಮೂರು ಮಳೆಗೆ ಸಂಪು ತುಂಬುತ್ತದೆ. ಇದನ್ನು ನಳದ ನೀರಿನ ಸಂಪಿನೊಂದಿಗೆ ಬೆರೆಸಬೇಡಿ. ಬೆರೆಸಿದರೆ ಬಟ್ಟೆ, ಪಾತ್ರೆ, ಸ್ನಾನಕ್ಕೆ ಹದಿನೈದು ದಿನದಲ್ಲಿ ಖಾಲಿ. ಮಳೆನೀರಿನ ಪೈಪನ್ನು ಪಾಲಿಕೆಯ ಪೈಪಿಗೆ ಯಾವ ಕಾರಣಕ್ಕೂ ಕೂಡಿಸಬಾರದು. ಒತ್ತಡ ಇಳಿದಾಗ ಸಂಪಿನ ನೀರು ಊರ ಪೈಪಿಗೆ ಎಳೆದುಹೋಗುತ್ತದೆ.

ಊರಿನ ನೀರು ಬರುವುದು ಭೀಮಾ ನದಿಯ ಸರಡಗಿಯಿಂದ, ಬೆಣ್ಣೆತೊರೆ ಹೊಳೆಯಿಂದ. ಬೇಸಿಗೆಯಲ್ಲಿ ಭೀಮೆ ಬತ್ತಿದರೆ ಉಜನಿ ಜಲಾಶಯದಿಂದ ನೀರು ಬಿಡಿ ಎಂದು ಮಹಾರಾಷ್ಟ್ರವನ್ನು ಕೇಳಿಕೊಳ್ಳಬೇಕಾಗುತ್ತದೆ. 24 ಗಂಟೆ ನೀರು ಕೊಡುವ ಯೋಜನೆಯ ಹೊಸ ಪೈಪು, ಮೀಟರು ಸೋರಿಕೆಯನ್ನು ತಗ್ಗಿಸುತ್ತವೆ, ಅದು ಬೇಕೇ ಬೇಕು. ಆದರೆ ನದಿಯಲ್ಲಿ ಇಲ್ಲದ ನೀರನ್ನು ಪೈಪು ತರಲಾರದು. ಪ್ರತಿ ಮನೆಯೂ ಕುಡಿಯುವ ನೀರನ್ನು ಮಾಳಿಗಿಯಲ್ಲೇ ಗಳಿಸಿದರೆ ಏಪ್ರಿಲ್-ಮೇ ತಿಂಗಳ ಭಯ ಅಷ್ಟಾದರೂ ಕಡಿಮೆಯಾಗುತ್ತದೆ.

ಮಾರುವವರು ಫಿಲ್ಟರಿನ ಜೊತೆಗೆ ಇಂಗುಗುಂಡಿಯನ್ನೂ ಒಪ್ಪಿಸುತ್ತಾರೆ. ಇಲ್ಲಿ ಎಚ್ಚರ ಬೇಕು. ಕಲಬುರಗಿಯ ಎರಿ ಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು, ನೆನೆದೊಡನೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ, ಆಮೇಲೆ ನೀರು ಒಳಗಿಳಿಯುವುದೇ ಇಲ್ಲ. ನಾಲ್ಕಡಿ ಗುಂಡಿ ತೋಡಿ ಜಲ್ಲಿ ತುಂಬಿದರೆ ಅದು ಸೊಳ್ಳೆ ಸಾಕುವ ತೊಟ್ಟಿಯಾಗುತ್ತದೆ. ಎರಿ ದಾಟಿ ಮುರುಮು (ನೀರು ಇಳಿಯುವ ಗರಸು ಮಣ್ಣು) ಸಿಗುವವರೆಗೆ ತೋಡಬೇಕು. ಗುಂಡಿ ಮನೆಯ ಬುನಾದಿಯಿಂದ ಕನಿಷ್ಠ 3 ಮೀಟರ್ ದೂರ ಇರಬೇಕು, ಇಲ್ಲದಿದ್ದರೆ ಉಬ್ಬಿದ ಮಣ್ಣು ಗೋಡೆ ಸೀಳುತ್ತದೆ. ಸಂಪಿಗೂ ಇದೇ ಕಾಟ: ಸುತ್ತ ಎರಿ ಮಣ್ಣನ್ನೇ ತುಂಬದೆ ಮುರುಮು ಅಥವಾ ಮರಳು ತುಂಬಿಸಿ. ಪ್ಲಾಸ್ಟಿಕ್ ಟಾಕಿ ಹೂತಿದ್ದರೆ ಮಳೆಗಾಲದಲ್ಲಿ ಪೂರ್ತಿ ಖಾಲಿ ಬಿಡಬೇಡಿ, ಸುತ್ತಲಿನ ನೀರು ಅದನ್ನು ಮೇಲೆತ್ತುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆಯ ನೆಲದ ಕಥೆಯೇ ಬೇರೆ. ಅಲ್ಲಿ ನೀರು ಬೇಗ ಇಂಗಿ, ಕೆಳಗಿನ ಕರಿಕಲ್ಲಿನ ಮೇಲೆ ಹರಿಯುತ್ತದೆ. ಬಹಮನಿ ಕಾಲದ ನೌಬಾದ್ ಸುರಂಗ ಬಾವಿ ನಿಂತಿರುವುದೇ ಈ ಗುಣದ ಮೇಲೆ. ಬೀದರಿನವರಿಗೆ ಇಂಗುಗುಂಡಿ ಧೈರ್ಯವಾಗಿ ಹೇಳಬಹುದು.

ಸೆಪ್ಟೆಂಬರಿನಲ್ಲಿ ಮಳೆ ಜೋರಾಗುವ ಹೊತ್ತಿಗೆ ಸಂಪು ತುಂಬಿರುತ್ತದೆ. ಉಕ್ಕುವ ನೀರನ್ನು ಬೋರಿಗೆ ಬಿಡುವ ಆಸೆ ಸಹಜ, ಆದರೆ ಈ ಫಿಲ್ಟರಿನಿಂದ ನೇರವಾಗಿ ಬೇಡ. ಜಾಲರಿ ಕಸ ತಡೆಯುತ್ತದೆ, ಜೇಡಿಯನ್ನೂ ರೋಗಾಣುವನ್ನೂ ತಡೆಯುವುದಿಲ್ಲ. ಬೋರಿನ ಸುತ್ತ ಮರಳು, ಜಲ್ಲಿಯ ಪದರಗಳ ಗುಂಡಿ ಮಾಡಿ ಅದರ ಮೂಲಕವೇ ಬಿಡಬೇಕು. ಬೀದಿಯ ನೀರು ಅದರ ಹತ್ತಿರವೂ ಸುಳಿಯಬಾರದು. ಕುಡಿಯುವ ನೀರನ್ನೂ ಇದೇ ಕಾರಣಕ್ಕೆ ಕುದಿಸಿ ಕುಡಿಯಿರಿ, ಅಥವಾ 1,000 ಲೀಟರಿಗೆ 5 ಗ್ರಾಂ ತಾಜಾ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕಲಕಿ, ತಿಳಿಯನ್ನು ಮಾತ್ರ ಸುರಿದು ಅರ್ಧ ಗಂಟೆ ಬಿಡಿ.

ನಿರ್ವಹಣೆಯ ಹೊರೆ ಕಡಿಮೆ, ಆದರೆ ಸೊನ್ನೆಯಲ್ಲ. ತೊಗರಿ ಮಿಲ್ಲುಗಳ ಹೊಟ್ಟು, ಸೇಡಂ-ಚಿತ್ತಾಪುರ ಕಡೆಯಾದರೆ ಸುಣ್ಣಕಲ್ಲಿನ ಧೂಳು ಮಾಳಿಗಿಯ ಮೇಲೆ ಕೂತು, ಮಳೆಯೊಂದಿಗೆ ಇಳಿದು ಜಾಲರಿಗೆ ಅಂಟಿಕೊಳ್ಳುತ್ತವೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ಮೆತ್ತನೆ ಬ್ರಷ್ಷಿನಿಂದ ತೊಳೆಯಿರಿ. ಬಿಳಿ ಪೊರೆ ಕಟ್ಟಿದ್ದರೆ ನಿಂಬೆರಸ ಅಥವಾ ವಿನೆಗರಿನಲ್ಲಿ ನೆನೆಸಿ. ತಂತಿ ಬ್ರಷ್ ಜಾಲರಿಯನ್ನು ಹರಿಯುತ್ತದೆ. ಕಟ್ಟಿದ ಜಾಲರಿ ತನ್ನ ಕಷ್ಟ ಹೇಳಿಕೊಳ್ಳುವುದಿಲ್ಲ, ನೀರೆಲ್ಲ ಸದ್ದಿಲ್ಲದೆ ಮೋರಿಗೆ ಹೋಗುತ್ತಿರುತ್ತದೆ. ಮಳೆ ಬರುವಾಗ ಕೆಳಗಿನ ಬಾಯಿಯಲ್ಲಿ ಬೀಳುವ ನೀರನ್ನು ಒಮ್ಮೆ ನೋಡಿದರೆ ತಿಳಿಯುತ್ತದೆ. ಗೋಡೆಗೆ ಕೂಡಿಸುವಾಗ ಬಿಚ್ಚಲು ಬರುವ ಜೋಡಣೆ ಹಾಕಿಸಿ, ಸಾಲ್ವೆಂಟ್ (ಪೈಪಿನ ಅಂಟು) ಹಚ್ಚಿ ಅಂಟಿಸಿಬಿಟ್ಟರೆ ತೊಳೆಯಲು ಪೈಪನ್ನೇ ಕೊಯ್ಯಬೇಕಾಗುತ್ತದೆ. ಎತ್ತರವೂ ಕೈಗೆಟುಕುವಷ್ಟೇ ಇರಲಿ. ಹಣ ಕೊಡುವ ಮೊದಲು ಆ ಅಳತೆಯ ಬಿಡಿ ಜಾಲರಿ ಅಂಗಡಿಯಲ್ಲಿ ಇದೆಯೇ ಎಂದು ತೋರಿಸಲು ಹೇಳಿ. ಬಿಡಿಭಾಗ ಸಿಗದ ಮಾದರಿ ಎಷ್ಟೇ ಅಗ್ಗವಾಗಿದ್ದರೂ ಬೇಡ.