ಪ್ರೊಜೆಕ್ಟರ್, ಟಚ್ ಪ್ಯಾನೆಲ್, ಟ್ಯಾಬ್: ಕೊನೆ ಬೆಂಚಿಗೆ ಯಾವುದು ಕಾಣುತ್ತದೆ?

ಗಣಿತ ಪಾಠಕ್ಕೆ ನಾನು ಪ್ರೊಜೆಕ್ಟರ್, ಟಚ್ ಪ್ಯಾನೆಲ್, ಟ್ಯಾಬ್, ಡಾಕ್ಯುಮೆಂಟ್ ಕ್ಯಾಮೆರಾ ನಾಲ್ಕನ್ನೂ ಬಳಸಿ ನೋಡಿದ್ದೇನೆ. ಯಾವುದೇ ಬರಲಿ, ಮೊದಲ ದಿನ ಮಾಡುವ ಕೆಲಸ ಒಂದೇ. ಪರದೆ ಮೇಲೆ ಒಂದು ಲೆಕ್ಕ ಬರೆದು, ಹೋಗಿ ಕೊನೆ ಬೆಂಚಿನಲ್ಲಿ ಕೂರುವುದು.

75 ಇಂಚಿನ ಪ್ಯಾನೆಲ್ ಸೋತಿದ್ದು ಅಲ್ಲೇ. ಹತ್ತಿರ ನಿಂತಾಗ ಗೋಡೆ ತುಂಬಿದ ಹಾಗಿತ್ತು. ಆದರೆ ಆ ಇಂಚು ಮೂಲೆಯಿಂದ ಮೂಲೆಗೆ ಅಳೆದದ್ದು. ಚಿತ್ರದ ಎತ್ತರ ಸುಮಾರು 93 ಸೆಂ.ಮೀ. ಅಷ್ಟೇ. ಓದಬೇಕಾದ ಅಕ್ಷರವಿದ್ದರೆ ಚಿತ್ರದ ಎತ್ತರದ ಆರು ಪಟ್ಟಿಗಿಂತ ದೂರ ಯಾರೂ ಕೂರಬಾರದು ಎಂದೊಂದು ರೂಢಿಯ ಲೆಕ್ಕವಿದೆ. ಅಂದರೆ ಐದೂವರೆ ಮೀಟರ್. ನನ್ನ ಕೊನೆ ಬೆಂಚು ಎಂಟು ಮೀಟರ್ ದೂರದಲ್ಲಿತ್ತು. 4ಕೆ ಇದ್ದರೇನು, ಪರದೆಯ ಚುಕ್ಕಿ (ಪಿಕ್ಸೆಲ್) ಜಾಸ್ತಿಯಾದರೆ ಅಕ್ಷರ ದೊಡ್ಡದಾಗುವುದಿಲ್ಲ ಅಲ್ವಾ?

120 ಇಂಚಿನ ಪ್ರೊಜೆಕ್ಟರ್ ಚಿತ್ರ ಸುಮಾರು ಒಂದೂವರೆ ಮೀಟರ್ ಎತ್ತರ. ಕೊನೆ ಬೆಂಚಿಗೂ ಸಲೀಸು. ಅದರ ವೈರಿ ಕಿಟಕಿ. ಪ್ರೊಜೆಕ್ಟರ್ ಕಪ್ಪನ್ನು ಬಿಡಲಾರದು, ಬೆಳಕನ್ನು ಮಾತ್ರ ಬಿಡುತ್ತದೆ. ಹಾಗಾಗಿ ಬಿಸಿಲು ಬಿದ್ದ ಕೋಣೆಯಲ್ಲಿ ಕಪ್ಪು ಅಕ್ಷರವೂ ಬೂದಿ ಬಣ್ಣ. ಕಿಟಕಿಗೆ ಪರದೆ ಎಳೆದರೆ ಅಕ್ಷರ ಏಳುತ್ತದೆ, ಮಕ್ಕಳು ಮಲಗುತ್ತಾರೆ! ಎದುರಿನ ಎರಡು ಲೈಟ್ ಮಾತ್ರ ಆರಿಸಿ, ಹಿಂದಿನದನ್ನು ಉರಿಯಲು ಬಿಡುವುದು ನನಗೆ ಸಿಕ್ಕ ದಾರಿ.

ಟ್ಯಾಬ್ ಹಿಡಿದು ಬೆಂಚುಗಳ ನಡುವೆ ಓಡಾಡುತ್ತ ಬರೆಯುವುದು ಖುಷಿ ಕೊಡುತ್ತದೆ. ವೈಫೈ ಮೂಲಕ ಪ್ರೊಜೆಕ್ಟರ್‌ಗೆ ಕನೆಕ್ಟ್ ಆದರೆ. ವೈಫೈನಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ತಡೆ ಹಾಕಿದ್ದರೆ ಟ್ಯಾಬ್ ಸುಮ್ನೆ ಹುಡುಕುತ್ತಲೇ ಇರುತ್ತದೆ. ಎರಡು ವಾರದಲ್ಲಿ ನನ್ನ ತಾಳ್ಮೆ ಮುಗಿಯಿತು.

ನನ್ನ ಮನಸ್ಸು ಗೆದ್ದದ್ದು ಡಾಕ್ಯುಮೆಂಟ್ ಕ್ಯಾಮೆರಾ. ನಾಲ್ಕರಲ್ಲಿ ಅದೇ ಬಡಪಾಯಿ. ಒಂದು ಕಂಬ, ತುದಿಯಲ್ಲಿ ಕೆಳಗೆ ನೋಡುವ ಕ್ಯಾಮೆರಾ. ಯುಎಸ್‌ಬಿ ಚುಚ್ಚಿದರೆ ಲ್ಯಾಪ್‌ಟಾಪ್ ಅದನ್ನು ವೆಬ್‌ಕ್ಯಾಮ್ ಎಂದೇ ತಿಳಿಯುತ್ತದೆ. ಕೋನವನ್ನು ಎರಡು ಸಮಭಾಗ ಮಾಡುವುದನ್ನು ಪ್ಯಾನೆಲ್‌ನ ಕೈವಾರದಲ್ಲಿ ತೋರಿಸಿದ್ದೆ. ಕಂಸಗಳು ಚಂದ ಬಂದವು. ಆದರೆ ಮಕ್ಕಳು ಪುಸ್ತಕದಲ್ಲಿ ಎಳೆಯಲು ಹೋದರೆ ಮುಳ್ಳು ಜಾರುತ್ತಿತ್ತು. ಕ್ಯಾಮೆರಾ ಕೆಳಗೆ ನನ್ನ ಕೈ ಕಂಡಿತು. ಕೈವಾರವನ್ನು ಹಿಡಿಯಿಂದ ತಿರುಗಿಸಬೇಕು, ಕಾಲಿನಿಂದಲ್ಲ ಎಂಬುದು ಹೇಳದೆಯೇ ತಿಳಿಯಿತು. ಮಗುವಿನ ನೋಟ್‌ಬುಕ್ಕನ್ನೇ ಇಟ್ಟು, ಹೆಸರು ಮುಚ್ಚಿ, ಲೆಕ್ಕ ಎಲ್ಲಿ ತಪ್ಪಿತೆಂದು ಎಲ್ಲರೂ ಸೇರಿ ಹುಡುಕಬಹುದು.

ಕಾಟವೂ ಇದೆ. ಕೈ ಅಲುಗಿದಾಗಲೆಲ್ಲ ಫೋಕಸ್ ತಡಕಾಡುತ್ತದೆ. ಫೋಕಸ್ ಲಾಕ್ ಬಟನ್ ಇಲ್ಲದ ಕ್ಯಾಮೆರಾ ತಗೊಳ್ಳಬೇಡಿ. ನುಣುಪು ಹಾಳೆ ಅದರ ದೀಪಕ್ಕೆ ಮಿಂಚುತ್ತದೆ. ಪೆನ್ಸಿಲ್ ಗೆರೆ ಮಂಕು, ಸ್ಕೆಚ್ ಪೆನ್ ಬೇಕು.

ಪ್ಯಾನೆಲ್ ಮೇಲೆ ನನಗೆ ದ್ವೇಷವಿಲ್ಲ. ಜಿಯೋಜೀಬ್ರಾ ಎಂಬ ಗಣಿತದ ಆ್ಯಪ್‌ನಲ್ಲಿ ತ್ರಿಕೋನದ ತುದಿಯನ್ನು ಮಗುವೇ ಬೆರಳಿಂದ ಎಳೆದು, ಮೂರು ಕೋನಗಳು ಬದಲಾದರೂ ಮೊತ್ತ 180 ಡಿಗ್ರಿಯಲ್ಲೇ ನಿಂತಿರುವುದನ್ನು ನೋಡುವ ಮಜಾ ಬೇರೆ ಯಾವುದರಲ್ಲೂ ಸಿಗಲಿಲ್ಲ. ಆ ಪಾಠದ ದಿನ ಬೆಂಚುಗಳನ್ನು ಮುಂದಕ್ಕೆ ಎಳೆಸುತ್ತೇನೆ. ಉಳಿದ ದಿನ ಪ್ರೊಜೆಕ್ಟರ್, ಕ್ಯಾಮೆರಾ, ಒಂದು ದಪ್ಪ ಸ್ಕೆಚ್ ಪೆನ್.