ಮುಂಗಡ ಬಾರದೆ ಸ್ಯಾಂಪಲ್ ಕಳಿಸಬೇಡಿ, ವಿಡಿಯೋವನ್ನಂತೂ ಕಳಿಸಲೇಬೇಡಿ

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಒಂಬತ್ತು ವರ್ಷಗಳಿಂದ ಕ್ವಿಲ್ಲಿಂಗ್, ಅಂದರೆ ಕಾಗದದ ಪಟ್ಟಿಗಳನ್ನು ಸೂಜಿಗೆ ಸುತ್ತಿ ವಸ್ತುಗಳನ್ನು ಮಾಡುವ ಕೆಲಸ, ಮಾಡುತ್ತಿರುವವಳು, ಕಲಿಯಲು ಬಂದವರಿಗೆಲ್ಲ 'ಮುಂಗಡ ಕೈಗೆ ಬರುವ ತನಕ ಸೂಜಿ ಮುಟ್ಟಬೇಡಿ' ಎಂದು ಬುದ್ಧಿ ಹೇಳುತ್ತಿದ್ದವಳು, ನಾನೇ ಹೋಗಿ ಹಳ್ಳಕ್ಕೆ ಬಿದ್ದಿದ್ದೇನೆ. ಎರಡು ತಿಂಗಳು ಮನೆಯವರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಕಳೆದ ವಾರ ಹೊಸನಗರದ ಗೆಳತಿಯೊಬ್ಬಳು ತನಗೆ ಬಂದ ಸಂದೇಶವೊಂದನ್ನು ತೋರಿಸಿದಳು. ನನಗೆ ಬಂದಿದ್ದ ಮಾತುಗಳೇ ಅದರಲ್ಲಿ ಒಂದಕ್ಷರವೂ ಬದಲಾಗದೆ ಇದ್ದವು.

ನಾನಿರುವುದು ಸಾಗರದಲ್ಲಿ. ಮೇ ತಿಂಗಳ ಕೊನೆಗೆ, ಬೆಂಗಳೂರಿನಲ್ಲಿ ಮದುವೆ, ಸೀಮಂತಗಳ ಅಲಂಕಾರ ವಹಿಸಿಕೊಳ್ಳುವುದಾಗಿ ಹೇಳಿಕೊಂಡ ಮಹಿಳೆಯೊಬ್ಬರು ವಾಟ್ಸಾಪ್‌ನಲ್ಲಿ ಮಾತಿಗಿಳಿದರು. ತಾಂಬೂಲದ ಜೊತೆ ಕೊಡಲು ಕಾಗದದ 150 ಕುಂಕುಮ ಭರಣಿಗಳು ಬೇಕಂತೆ. ಒಂದಕ್ಕೆ 250 ರೂಪಾಯಿ ಹೇಳಿದ್ದನ್ನು 'ಮುಂದೆ ಎಲ್ಲ ಮದುವೆಗೂ ನಿಮ್ಮದೇ ಅಕ್ಕ' ಎನ್ನುತ್ತಾ 180ಕ್ಕೆ ಇಳಿಸಿದರು. ಆದರೂ 27,000 ರೂಪಾಯಿಯ ಕೆಲಸ. ಮಳೆಗಾಲದಲ್ಲಿ ಇಂಥದ್ದು ನನ್ನ ಪಾಲಿಗೆ ಬಂದದ್ದೇ ಇಲ್ಲ. ಅರ್ಧ ಮುಂಗಡ ಕೇಳಿದೆ. 'ಕಳಿಸ್ತೀನಿ ಅಕ್ಕ, ಮೊದಲು ಹುಡುಗಿಯ ತಾಯಿ ಒಂದು ಸ್ಯಾಂಪಲ್ ನೋಡಬೇಕಂತೆ' ಎಂದರು. ಕಳಿಸಿದೆ. ಬಣ್ಣ ಗಾಢವಾಯಿತೆಂದರು, ಇನ್ನೊಂದು ಕಳಿಸಿದೆ. ಆಮೇಲೆ, ಇದು ಕೈಯಲ್ಲೇ ಮಾಡಿದ್ದೆಂದು ಅವರಿಗೆ ನಂಬಿಕೆ ಬರಬೇಕು, ಮಾಡುವ ವಿಡಿಯೋ ಮೊದಲಿನಿಂದ ಕೊನೆಯ ತನಕ ಬೇಕು ಎಂದರು. ಅದನ್ನೂ ಕಳಿಸಿದೆ.

ಆ ವಿಡಿಯೋದಲ್ಲಿ ನಾನು ಏನನ್ನೂ ಮುಚ್ಚಿಡಲಿಲ್ಲ. 5 ಮಿಲಿಮೀಟರ್ ಅಗಲದ ಪಟ್ಟಿಗಳನ್ನು ತುದಿಗೆ ತುದಿ ಅಂಟಿಸಿ, ಬಿಗಿಯಾಗಿ ಸುತ್ತಿ, ಬಿಲ್ಲೆಯಾದ ಮೇಲೆ ಹೆಬ್ಬೆರಳಿನಿಂದ ನಿಧಾನವಾಗಿ ಒತ್ತಿ ಬಟ್ಟಲಿನ ಆಕಾರಕ್ಕೆ ತರುವುದನ್ನು ತೋರಿಸಿದೆ. ನಮ್ಮ ಮಳೆಗೆ ಕಾಗದ ತೇವ ಹೀರಿ ಸುರುಳಿ ಜಾರುತ್ತದೆಂದು ಪಟ್ಟಿಗಳನ್ನು ಹುರಿದ ಅಕ್ಕಿಯ ಗಂಟಿನೊಂದಿಗೆ ಡಬ್ಬಿಯಲ್ಲಿಡುವುದನ್ನೂ, ಬಟ್ಟಲಿನ ಒಳಮೈಗೆ ಎರಡು ಸಲ ಅಂಟು ಬಳಿದು ಒಣಗಿಸುವುದನ್ನೂ ಬಾಯಿಬಿಟ್ಟು ವಿವರಿಸಿದೆ. ಎಷ್ಟೋ ಭರಣಿಗಳನ್ನು ಹಾಳು ಮಾಡಿಕೊಂಡು ಕಲಿತದ್ದು ಅದು. ಕೇಳುವವರು ಸಿಕ್ಕರೆಂಬ ಹಿಗ್ಗಿನಲ್ಲಿ ಹೇಳಿಬಿಟ್ಟೆ.

ಜೂನ್‌ನಲ್ಲಿ, ಶಾಸ್ತ್ರ ಮುಂಚೆಯೇ ಬಂತು, ಆದಷ್ಟನ್ನು ಕಳಿಸಿ ಎಂದರು. ನಲವತ್ತು ಆಗಿದ್ದವು. ದುಡ್ಡು ಕೇಳಿದರೆ 'ಇವತ್ತು ಶನಿವಾರ ಬ್ಯಾಂಕ್ ರಜೆ ಅಕ್ಕ' ಎಂಬ ಉತ್ತರ. ಯುಪಿಐಗೆ ಶನಿವಾರವೇನು, ಭಾನುವಾರವೇನು! ಇಷ್ಟು ಕೂಡ ನನಗೆ ಹೊಳೆಯಲಿಲ್ಲ. ನಲವತ್ತನ್ನೂ ಹತ್ತಿಯಲ್ಲಿ ಸುತ್ತಿ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿ ಬಂದೆ.

ನಾಲ್ಕು ದಿನ ಮೌನ. ಐದನೆಯ ದಿನ, ಸುರುಳಿ ಸಡಿಲವಾಗಿವೆ, ಪಾರ್ಟಿಯವರು ಬೇಡ ಎಂದರು ಎಂಬ ಸಂದೇಶ ಬಂತು. ಹಾಗಾದರೆ ಹಿಂದಕ್ಕೆ ಕಳಿಸಿ ಎಂದರೆ, ಖರ್ಚು ನೀವೇ ಕೊಡಬೇಕು ಎಂದರು. ಕೊಡುತ್ತೇನೆ ಎಂದೆ. ಅದಕ್ಕೆ ಎರಡು ನೀಲಿ ಗೆರೆಗಳು ಬಿದ್ದವೇ ಹೊರತು ಉತ್ತರವಿಲ್ಲ. ಮತ್ತೆ ಕೇಳಿದೆ, ಮತ್ತೆ ಮತ್ತೆ ಕೇಳಿದೆ. ಕೊನೆಗೆ ಬಂದದ್ದು ಇಷ್ಟು: 'ಪೇಪರ್ ತಾನೇ ಮೇಡಂ, ಅದಕ್ಕೆ ಯಾಕಿಷ್ಟು?' ಅಲ್ಲಿಯವರೆಗೆ ಅಕ್ಕ ಆಗಿದ್ದವಳು ಆ ಹೊತ್ತಿಗೆ ಮೇಡಂ ಆಗಿದ್ದೆ.

ಪೇಪರ್ ತಾನೇ! ನಮ್ಮ ಸಾಗರದ, ಮರ ಕೆತ್ತುವ ಗುಡಿಗಾರರ ಮುಂದೆ ನಿಂತು, ಗಂಧದ ಮರದ ಗಣಪತಿಯನ್ನು ತೋರಿಸಿ 'ಮರ ತಾನೇ' ಎನ್ನಲು ಯಾರಿಗಾದರೂ ಬಾಯಿ ಬರುತ್ತದೆಯೇ?

7,200 ರೂಪಾಯಿಯ ಮಾಲು ಹೋದದ್ದನ್ನು ನುಂಗಿಕೊಳ್ಳುತ್ತಿದ್ದೆನೇನೋ. ಜುಲೈನಲ್ಲಿ ಅಕ್ಕನ ಮಗಳು ಫೋನ್ ತಂದು 'ಚಿಕ್ಕಮ್ಮ, ಇದು ನಿನ್ನ ಕೈಯಲ್ವಾ?' ಎಂದು ಕೇಳಿದಳು. ಆನ್‌ಲೈನ್‌ನಲ್ಲಿ ಕುಂಕುಮ ಭರಣಿ ಕಲಿಸುವ ತರಗತಿಯ ಜಾಹೀರಾತು ಅದು, ಶುಲ್ಕ 799 ರೂಪಾಯಿ. ನನ್ನ ಧ್ವನಿ ತೆಗೆದು ವೀಣೆ ಹಾಕಿದ್ದರು. ಹಪ್ಪಳ ಕರಿಯುವಾಗ ಸಿಡಿದ ಎಣ್ಣೆಯ ಕಲೆ ಹೆಬ್ಬೆರಳ ಬುಡದಲ್ಲಿ ಹಾಗೇ ಇತ್ತು. ಮೇಜಿನ ಮೇಲೆ ನನ್ನದೇ ಚಹಾ ಲೋಟದ ಗುಂಡನೆಯ ಗುರುತಿತ್ತು. ನನ್ನ ಕೈಗಳು ಯಾರದೋ ಹೆಸರಿನಲ್ಲಿ ಪಾಠ ಮಾಡುತ್ತಿದ್ದವು. ಸಿಟ್ಟಿಗಿಂತ ಮೊದಲು ಅವಮಾನವಾಯಿತು, ಆ ಹುಡುಗಿಯ ಎದುರಿಗೇ.

ಆ ಮಹಿಳೆಯನ್ನು ಕೇಳಿದ್ದಕ್ಕೆ 'ಕ್ವಿಲ್ಲಿಂಗ್ ಏನು ನೀವು ಕಂಡುಹಿಡಿದದ್ದಾ? ಯೂಟ್ಯೂಬ್ ತುಂಬ ಇದೆ' ಎಂದು ಬರೆದು ನನ್ನ ನಂಬರನ್ನು ಬ್ಲಾಕ್ ಮಾಡಿದರು. ಕ್ವಿಲ್ಲಿಂಗ್ ನನ್ನದಲ್ಲ, ಒಪ್ಪುತ್ತೇನೆ. ಮಾಡುವ ವಿಧಾನಕ್ಕೆ ಕೃತಿಸ್ವಾಮ್ಯ ಯಾರಿಗೂ ಸಿಗುವುದಿಲ್ಲ. ಆದರೆ ನಾನು ತೆಗೆದ ವಿಡಿಯೋ ನನ್ನದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದಕ್ಕೆ ನೋಂದಣಿಯೂ ಬೇಕಿಲ್ಲ. ಮೂಲ ಫೈಲನ್ನು ತಾರೀಖಿನ ಸಮೇತ ತೋರಿಸಿ ದೂರು ಕೊಟ್ಟ ಮೇಲೆ ಜಾಹೀರಾತು ಇಳಿಯಿತು. ಭರಣಿಗಳೂ ಬರಲಿಲ್ಲ, ದುಡ್ಡೂ ಬರಲಿಲ್ಲ. ಠಾಣೆಯಲ್ಲಿ 'ವ್ಯವಹಾರದ ಜಗಳ, ಕೋರ್ಟಿಗೆ ಹೋಗಿ' ಎಂದರು. ಆನ್‌ಲೈನ್‌ನಲ್ಲಿ ದುಡ್ಡು ಕಳೆದುಕೊಂಡವರು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದು, ಆದರೆ ನನ್ನ ಖಾತೆಯಿಂದ ದುಡ್ಡು ಹೋಗಿರಲಿಲ್ಲ. ಕೈಯಾರೆ ಮಾಲನ್ನೇ ಕಟ್ಟಿ ಕಳಿಸಿದ್ದೆ.

ಹಾಗಾಗಿ ಸ್ಯಾಂಪಲ್ ಕೇಳಿದರೆ ದುಡ್ಡಿಗೆ ಮಾರಿ, ಆರ್ಡರ್ ಖಚಿತವಾದಾಗ ಬಿಲ್ಲಿನಲ್ಲಿ ಕಳೆದುಕೊಡಿ. ನಂಬಿಕೆಗೆ ವಿಡಿಯೋ ಬೇಕೆಂದರೆ ಕಾಲು ನಿಮಿಷದ್ದು ಸಾಕು, ಅದರಲ್ಲಿ ನಿಮ್ಮ ಮುಖವೂ ಇರಲಿ. ಬರೀ ಕೈಗಳನ್ನು ತಮ್ಮದೆಂದು ತೋರಿಸಿದಷ್ಟು ಸುಲಭವಾಗಿ ಮುಖವನ್ನು ತೋರಿಸಲಾಗದು. ಅಕ್ಕ, ಅಕ್ಕ ಎನ್ನುವವರ ಹತ್ತಿರ ಅರ್ಧವಲ್ಲ, ಪೂರ್ತಿ ದುಡ್ಡನ್ನೇ ಮೊದಲು ಕೇಳಿ.

ಹೊಸನಗರದ ಗೆಳತಿಗೆ ಬಂದಿರುವ ನಂಬರ್ ಬೇರೆ, ಕೇಳಿರುವುದು ಕಾಗದದ ಆರತಿ ತಟ್ಟೆ. ಹುಡುಗಿಯ ತಾಯಿ ಮಾತ್ರ ಈ ಸಲವೂ ಮೊದಲು ಒಂದು ಸ್ಯಾಂಪಲ್ ನೋಡಬೇಕಂತೆ.