ಸ್ಟ್ರೀಟ್ ಫೈಟರ್ 6ರ ಮರೀಸಾ: ಏಟು ಬಿದ್ದರೂ ಜಗ್ಗಲ್ಲ
ಕಸುಬು ಇಟಲಿಯಲ್ಲಿ ಒಡವೆ ಡಿಸೈನ್, ಮೈಕಟ್ಟು ಮಾತ್ರ ಗರಡಿ ಪೈಲ್ವಾನರದ್ದು. 2023ರಲ್ಲಿ ಬಂದ ಈ ಫೈಟಿಂಗ್ ಗೇಮಿನಲ್ಲಿ ನನಗೆ ಮರೀಸಾ ಬಿಟ್ಟರೆ ಬೇರೆ ಯಾರೂ ರುಚಿಸಲಿಲ್ಲ. ಹೆವಿ ಪಂಚ್ ಬಟನ್ ಒತ್ತಿ ಹಿಡಿಯಿರಿ. ಎದುರಾಳಿಯ ಒಂದು ಏಟು ಬಿದ್ದರೂ ಹಿಂದೆ ಸರಿಯುವುದಿಲ್ಲ, ತಿಂದುಕೊಂಡೇ ಬೀಸುತ್ತಾಳೆ. ಆ 'ಧಡ್' ಸದ್ದಿನ ಸುಖವೇ ಬೇರೆ! ಪುಕ್ಕಟೆ ಏನಲ್ಲ, ಹೆಲ್ತ್ ಬಾರ್ ಇಳಿಯುತ್ತದೆ. ಎದುರಾಳಿ ಅವಳನ್ನು ಹಿಡಿದು ಎಸೆದರಂತೂ ಈ ಆರ್ಮರ್ (ಏಟು ತಡೆದುಕೊಳ್ಳುವ ಗುಣ) ಲೆಕ್ಕಕ್ಕೇ ಇಲ್ಲ. ಆನ್‌ಲೈನಿನಲ್ಲಿ ಇದು ಗೊತ್ತಿರುವವರು ಸುಮ್ನೆ ಹತ್ತಿರ ಬಂದು ಎತ್ತಿ ಬಿಸಾಕುತ್ತಾರೆ. ಇಂಥದ್ದೇ ಆರ್ಮರ್ ಇರುವ ಡ್ರೈವ್ ಇಂಪ್ಯಾಕ್ಟ್ ಅನ್ನೋ ಹೊಡೆತ ಎಲ್ಲ ಪಾತ್ರಗಳಿಗೂ ಇದೆ, ಎರಡು ಏಟು ತಡೆಯುತ್ತದೆ. ಎಲ್ಲರಿಗೂ ಕೊಟ್ಟಿದ್ದು ಸ್ವಲ್ಪ ಜಾಸ್ತಿಯಾಯ್ತು, ಅಲ್ವಾ? ಬಟನ್ ಪಟಪಟ ಒತ್ತುವ ಗೆಳೆಯರಿದ್ದರೆ ಮರೀಸಾಳನ್ನೇ ಆರಿಸಿಕೊಳ್ಳಿ.